ಲಿಫ್ಟಿನ ಹೊಟ್ಟೆಯೊಳಗಿನ ಹೆಸರುಗಳು

ಬೆಳಕು ಇನ್ನೂ ಕಿಟಕಿಯ ಸರಳಿಗೆ ತಾಗಿಲ್ಲ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಹೆಚ್ಚಿಟ್ಟ ಬೀನ್ಸ್, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಒಂದು ಕಣ್ಣು ಒಲೆಯ ಮೇಲಿನ ಹಾಲಿಗೆ, ಇನ್ನೊಂದು ಪರದೆಗೆ ಕೊಟ್ಟು ಕುಳಿತಿದ್ದಾರೆ ಹೆಸರಿನಕ್ಕ. ಆಫೀಸಿನವರು ಇಟ್ಟ ಅಡ್ಡಹೆಸರು ಅದು. ಈಗ ಮನೆಯಲ್ಲೂ ಅದೇ ನಿಂತಿದೆ. ಪರದೆಯ ತುಂಬ ಇರುವೆ ಸಾಲಿನಂತೆ ಅಂಕಿಗಳು. ಹಾಲು ಏರುವ ಸದ್ದಿಗೆ ಏಳುತ್ತಾರೆ, ಉರಿ ಇಳಿಸುತ್ತಾರೆ, ಬಂದು ಬಿಟ್ಟ ಸಾಲಿಗೇ ಮತ್ತೆ ಬೆರಳಿಡುತ್ತಾರೆ.

ಇವತ್ತು ಹತ್ತು ಗಂಟೆಗೆ ಆಸ್ಪತ್ರೆಯ ಲಿಫ್ಟಿನ ಪರೀಕ್ಷೆ. ಅದು ಪಾಸಾಗದಿದ್ದರೆ ಲಿಫ್ಟಿಗೆ ಬೀಗ. ಐದನೇ ಮಹಡಿಯ ಡಯಾಲಿಸಿಸ್ ವಾರ್ಡು ನಗರದ ಇನ್ನೊಂದು ಮೂಲೆಗೆ ಎತ್ತಂಗಡಿ. ವಾರಕ್ಕೆ ಮೂರು ಸಲ ಆ ವಾರ್ಡಿಗೆ ಹೋಗುವವರಲ್ಲಿ ಹೆಸರಿನಕ್ಕನ ಅತ್ತೆಯೂ ಒಬ್ಬರು.

"ಎರಡು ಬಸ್ ಹತ್ತಿ ಇಳಿಯೋ ಶಕ್ತಿ ನನಗಿಲ್ಲ ಕಣಮ್ಮ. ನಿನ್ನ ಅಂಕಿಗಳಿಗೆ ಸ್ವಲ್ಪ ಬುದ್ಧಿ ಹೇಳು," ಅತ್ತೆ ಒಳಕೋಣೆಯಿಂದಲೇ ಕೂಗುತ್ತಾರೆ.

"ಹೇಳಿದೀನಿ ಅತ್ತೆ. ಈ ಸಲ ಕೇಳಿಸ್ಕೊಂಡ ಹಾಗಿದೆ."

ಯಂತ್ರ ಮಾಡಬೇಕಾದ ಕೆಲಸವನ್ನು ಮನುಷ್ಯರು ಬರೆಯುವಾಗ ಒಂದೊಂದು ತುಣುಕಿಗೂ ಹೆಸರು ಕೊಟ್ಟಿರುತ್ತಾರೆ: ಬಾಗಿಲು ಮುಚ್ಚು, ಬ್ರೇಕ್ ಬಿಡು, ಮೇಲೆ ಹೋಗು. ಕಂಪೈಲರ್ ಎಂಬ ತಂತ್ರಾಂಶ ಆ ಬರಹವನ್ನು ಅಂಕಿಗಳಾಗಿ ಮಾಡುತ್ತದೆ. ಯಂತ್ರಕ್ಕೆ ಹೆಸರಿನ ಹಂಗಿಲ್ಲ, ಹಾಗಾಗಿ ಹೆಸರುಗಳು ಅಲ್ಲೇ ಉದುರಿಹೋಗುತ್ತವೆ. ಮೂಲ ಬರಹ ಕಳೆದುಹೋದರೆ ಉಳಿಯುವುದು ಅಂಕಿ ಮಾತ್ರ. ಅವನ್ನು ಬಿಡಿಸಿ ಒಂದೊಂದೇ ಆದೇಶವಾಗಿ ತೋರಿಸುವ ಸಲಕರಣೆಗಳಿವೆ. ಆದರೆ ಅವು 'ಇಂಥ ಅಂಕಿಯ ಜಾಗಕ್ಕೆ ಹೋಗು' ಎನ್ನುತ್ತವೆಯೇ ಹೊರತು, ಆ ಜಾಗದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಬಾಯಿಬಿಡುವುದಿಲ್ಲ. ಓದಿ, ಊಹಿಸಿ, ತಾಳೆ ನೋಡಿ ಆ ಜಾಗಗಳಿಗೆ ಮತ್ತೆ ಹೆಸರು ಕೊಡುವುದು ಹೆಸರಿನಕ್ಕನ ಕೆಲಸ. ಅವರು ಒಮ್ಮೆ ಹೆಸರು ಬರೆದರೆ ಸಾಕು, ಆ ಅಂಕಿ ಬರುವ ಕಡೆಯೆಲ್ಲ ಹೆಸರೇ ಕಾಣುತ್ತದೆ. ಹಾಗೆ ಕಾಣಿಸುವ ಸಲಕರಣೆಯನ್ನು ಕಟ್ಟಿದವರೂ ಅವರೇ.

"ಬರೀ ನಂಬರ್ ಇರೋ ಮನೆಗಳ ಬೀದಿ ಇದ್ದ ಹಾಗೆ," ಎನ್ನುತ್ತಾರೆ. "ಯಾರ ಮನೆ ಅಂತ ಗೊತ್ತಾಗ್ಬೇಕಾದ್ರೆ ಎದುರಿಗೆ ನಿಂತು ನೋಡ್ಬೇಕು. ಯಾರು ಬರ್ತಾರೆ, ಯಾರು ಹೋಗ್ತಾರೆ, ಹೋಗುವಾಗ ಕೈಯಲ್ಲಿ ಏನಿರುತ್ತೆ."

ಒಳ್ಳೆಯ ದಿನ ನಲವತ್ತು ಹೆಸರು. ಕೆಟ್ಟ ದಿನ ಒಂದೇ ಒಂದು, ಅದನ್ನೂ ಮರುದಿನ ಅಳಿಸಬೇಕಾಗಬಹುದು. ಹೊಸದನ್ನು ಬರೆಯುವವರ ಬೆನ್ನು ತಟ್ಟುವ ಜನ ಹಳೆಯದನ್ನು ಓದುವವರತ್ತ ತಿರುಗಿ ನೋಡುವುದಿಲ್ಲ. ಜೊತೆಗೆ ಸೇರಿದವರೆಲ್ಲ ಬಡ್ತಿ ಪಡೆದು ಬೇರೆ ಮಹಡಿಗೆ ಹೋದರು. ಇವರ ಕುರ್ಚಿ ಅದೇ ಮೂಲೆಯಲ್ಲಿದೆ. ಎರಡನೇ ಮಗು ಹುಟ್ಟಿದ ಮೇಲೆ ಅರ್ಧ ದಿನ ಆಫೀಸು, ಉಳಿದದ್ದು ಈ ಮೇಜು. ಅತ್ತೆ ಮಾತ್ರ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ: "ನಮ್ಮ ಸೊಸೆಗೆ ಸಂಬಳ ಕೊಡೋದೇ ಹೆಸರಿಡೋಕೆ. ಪುಣ್ಯಕ್ಕೆ ನನ್ನ ಅಡುಗೆಗಲ್ಲ."

ಆಸ್ಪತ್ರೆಯ ಲಿಫ್ಟ್ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಸ್ಟ್ರೆಚರ್ ಒಳಗೆ ಬಂದ ಕೂಡಲೇ ಬಾಗಿಲು ಮುಚ್ಚಿಕೊಂಡು, ಕದಲದೆ, ತೆರೆಯದೆ, ಮುನಿಸಿಕೊಂಡ ಮಗುವಿನಂತೆ ನಿಂತುಬಿಡುವುದು ಅದರ ರೋಗ. ಅದರ ಅಂಕಿಗಳು ಹೆಸರಿನಕ್ಕನ ಮೇಜಿಗೆ ಬಂದವು. ಓದುತ್ತ ಹೋದಾಗ ಒಂದು ತುಣುಕು ಸಿಕ್ಕಿತು. ಬಾಗಿಲು ಮುಚ್ಚುವ ಆದೇಶದ ಬೆನ್ನಿಗೇ ಬಂದು, ಎಲ್ಲಿಂದಲೋ ಬರುವ ಒಂದು ಅಳತೆಯನ್ನು ಮತ್ತೆ ಮತ್ತೆ ನೋಡುತ್ತ ಕಾಯುವ ತುಣುಕು. ಇನ್ನೇನಿದ್ದೀತು? 'ಬಾಗಿಲಿಗಾಗಿ ಕಾದಿರು' ಎಂದು ಹೆಸರಿಟ್ಟು ಮುಂದೆ ಹೋದರು.

ಆ ಹೆಸರೇ ಮುಳುವಾಯಿತು. ಅಂದಿನಿಂದ ಆಸ್ಪತ್ರೆಯ ಮೆಕ್ಯಾನಿಕ್, ಆಫೀಸಿನ ಜೊತೆಗಾರರು, ಸ್ವತಃ ಅವರೂ ಬಾಗಿಲಿನ ಬೆನ್ನು ಹತ್ತಿದರು. ಸೆನ್ಸರ್ ಬದಲಾಯಿತು, ಗಾಲಿ ಬದಲಾಯಿತು, ಕೊನೆಗೆ ಬಾಗಿಲೇ ಹೊಸದಾಯಿತು. ಲಿಫ್ಟಿನ ಮುನಿಸು ಮಾತ್ರ ಹಳೆಯದೇ.

"ತಪ್ಪು ಹೆಸರಿಗಿಂತ ಹೆಸರಿಲ್ಲದ್ದೇ ವಾಸಿ," ಎನ್ನುತ್ತಾರೆ. "ಅಂಕಿ ಇದ್ರೆ ಅನುಮಾನನಾದ್ರೂ ಇರುತ್ತೆ. ಹೆಸರು ಬಂತೋ, ಕಣ್ಣು ಜಾರಿ ಮುಂದೆ ಹೋಗುತ್ತೆ. ಇಟ್ಟವಳೂ ನಾನೇ, ನಂಬಿ ಕೆಟ್ಟವಳೂ ನಾನೇ."

ಕಳೆದ ವಾರ ಅತ್ತೆಯನ್ನು ಕರೆದುಕೊಂಡು ಹೋದಾಗ ಲಿಫ್ಟ್ ಮತ್ತೆ ನಿಂತಿತು. ಒಳಗೆ ಒಂದು ಸ್ಟ್ರೆಚರ್, ತೂಗಾಡುವ ಡ್ರಿಪ್ ಬಾಟಲಿ, ನಾಲ್ಕಾರು ಜನ. ಲಿಫ್ಟ್ ನಡೆಸುವವರನ್ನು ಎಲ್ಲರೂ ಕರೆಯುವುದು ಮೇಲೆಕೆಳಗೆ ಮಾಮ ಎಂದು. ಮಾಮ ತಮ್ಮ ಎಂದಿನ ಮದ್ದು ತೆಗೆದರು. "ಯಾರೂ ಅಲ್ಲಾಡ್ಬೇಡಿ. ಉಸಿರು ಬಿಗಿ ಹಿಡ್ಕೊಳ್ಳಿ. ನಮ್ಮ ಲಿಫ್ಟ್ ಅಮ್ಮಾವ್ರಿಗೆ ಕೋಪ ಬಂದಿದೆ."

"ಉಸಿರು ನಿಲ್ಲಿಸೋಕೆ ಆಸ್ಪತ್ರೆ ತನಕ ಬರ್ಬೇಕಿತ್ತೇನಪ್ಪಾ?" ಅತ್ತೆ ಕೇಳಿದರು. ಎದ್ದ ನಗು ಅಡಗಿತು. ಎಲ್ಲರೂ ಗೊಂಬೆಗಳಂತೆ ನಿಂತರು. ಲಿಫ್ಟ್ ಮೇಲೆದ್ದಿತು.

"ನೋಡಿದ್ರಾ? ನನ್ನ ಮಾತು ಕೇಳುತ್ತೆ!" ಮಾಮ ಮೀಸೆ ತಿರುವಿದರು. ಹೆಸರಿನಕ್ಕನ ಕಣ್ಣು ಮಾತ್ರ ಬಾಗಿಲಿನ ಮೇಲೇ ನೆಟ್ಟಿತ್ತು. ಬಾಗಿಲು ಆಗಲೇ ಮುಚ್ಚಿತ್ತು. ಜನ ಅಲ್ಲಾಡದೆ ನಿಂತರೆ ಬಾಗಿಲಿಗೇನಾಗಬೇಕು? ಆಗ ಏರಿಳಿಯದೆ ನಿಲ್ಲುವುದು ಒಂದೇ, ತೂಕ.

ಮನೆಗೆ ಬಂದವರೇ ಆ ಹೆಸರನ್ನೂ ಅದರ ನೆರೆಹೊರೆಯ ಹೆಸರುಗಳನ್ನೂ ಅಳಿಸಿ, ಬೋಳು ಅಂಕಿಗಳನ್ನು ಮೊದಲಿನಿಂದ ಓದಿದರು. ತುಣುಕು ನೋಡುತ್ತಿದ್ದುದು ಬಾಗಿಲನ್ನಲ್ಲ, ನೆಲದಡಿಯ ತಕ್ಕಡಿಯನ್ನು. ತೂಕದ ಅಳತೆ ಏರಿಳಿಯದೆ ನಿಲ್ಲಲಿ ಎಂದು ಅದು ಕಾಯುತ್ತಿತ್ತು. ಎಷ್ಟು ಹೊತ್ತು ಎಂಬ ಮಿತಿಯೇ ಇರಲಿಲ್ಲ. ಸ್ಟ್ರೆಚರ್ ಓಲಾಡುವಷ್ಟು ಹೊತ್ತೂ ಕಾಯುತ್ತಿತ್ತು, ಪಾಪ. ಜೊತೆಗಾರರು ಅದಕ್ಕೊಂದು ಮಿತಿ ಹಾಕಿದರು: ಅಷ್ಟರೊಳಗೆ ತೂಕ ನಿಲ್ಲದಿದ್ದರೆ, ಕಂಡ ಅತಿ ಹೆಚ್ಚಿನ ತೂಕವನ್ನೇ ಲೆಕ್ಕಕ್ಕೆ ಹಿಡಿ, ಅದು ಲಿಫ್ಟ್ ಹೊರಬಲ್ಲಷ್ಟೇ ಇದ್ದರೆ ಹೊರಡು, ಮೀರಿದರೆ ಬಾಗಿಲು ತೆರೆ.

ಅಂದಿನಿಂದ ಹೆಸರಿನಕ್ಕನ ಸಲಕರಣೆಯಲ್ಲಿ ಹೊಸದೊಂದು ಪದ್ಧತಿ ಬಂದಿದೆ. ಕಣ್ಣಾರೆ ಕಂಡು ಖಾತ್ರಿಯಾಗುವವರೆಗೆ ಪ್ರತಿ ಹೆಸರಿನ ಆರಂಭದಲ್ಲೂ 'ಬಹುಶಃ' ಎಂಬ ಮಾತು ಅಂಟಿಕೊಂಡಿರುತ್ತದೆ. ಬೆಳಗಿನ ಜಾವ ಅವರ ಬೆರಳು ನಿಂತಿದ್ದುದು ಅಂಥದ್ದೇ ಒಂದು ಸಾಲಿನ ಮೇಲೆ: 'ಬಹುಶಃ ತೂಕಕ್ಕಾಗಿ ಕಾದಿರು'.

ಹತ್ತು ಗಂಟೆ. ತಪಾಸಣೆಯ ಅಧಿಕಾರಿ ಬಂದಿದ್ದಾರೆ. ಸ್ಟ್ರೆಚರ್ ಮೇಲೆ ಯಾರು ಮಲಗುತ್ತೀರಿ ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ ಅತ್ತೆ ಹತ್ತಿ ಕುಳಿತಾಗಿದೆ. ಬಾಗಿಲು ಮುಚ್ಚುತ್ತದೆ.

"ಈಗ ಎಲ್ರೂ ಅಲ್ಲಾಡಿ," ಎನ್ನುತ್ತಾರೆ ಹೆಸರಿನಕ್ಕ. ನರ್ಸ್ ಡ್ರಿಪ್ ಕಂಬ ತೂಗುತ್ತಾರೆ. ಮಾಮ ಒಲ್ಲದ ಮನಸ್ಸಿನಿಂದ ಹೆಜ್ಜೆ ಹಾಕುತ್ತಾರೆ. ಅತ್ತೆ ಉಯ್ಯಾಲೆಯ ಮೇಲೆ ಕುಳಿತವರಂತೆ ಕಾಲು ಬೀಸುತ್ತಾರೆ. ಲಿಫ್ಟ್ ಸುಮ್ಮನಿದೆ. ಆಮೇಲೆ ಕಾಲಡಿಯ ನೆಲ ಮೆಲ್ಲಗೆ ಮೇಲಕ್ಕೆ ಒತ್ತುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು. ಬಾಗಿಲು ತೆರೆದಾಗ ಇಡೀ ವಾರ್ಡು ಎದುರಿಗೆ ನಿಂತು ಚಪ್ಪಾಳೆ ತಟ್ಟುತ್ತಿದೆ. ಎದ್ದು ನಿಲ್ಲಲಾಗದವರು ಹಾಸಿಗೆಯಿಂದಲೇ ಕೈಬೀಸುತ್ತಿದ್ದಾರೆ.

ಮತ್ತೆ ಮತ್ತೆ ಏರಿಸಿ ಇಳಿಸಿ ನೋಡುತ್ತಾರೆ. ಲಿಫ್ಟ್ ಒಮ್ಮೆಯೂ ಮುನಿಸಿಕೊಳ್ಳುವುದಿಲ್ಲ. "ವಾರ್ಡು ಎಲ್ಲೂ ಹೋಗೋದು ಬೇಡ," ಎನ್ನುತ್ತಾರೆ ಅಧಿಕಾರಿ. ಅತ್ತೆ ಸೊಸೆಯ ಗಲ್ಲ ಹಿಡಿದು ಅಲ್ಲಾಡಿಸಿ, ಕಿಟಕಿ ಪಕ್ಕದ ತಮ್ಮ ಮಂಚದತ್ತ ರಾಣಿಯಂತೆ ನಡೆಯುತ್ತಾರೆ.

"ಇನ್ಮೇಲೆ ನನ್ನ ಮಾತು ಯಾರಮ್ಮಾ ಕೇಳ್ತಾರೆ?" ಮಾಮನ ಕೊರಗು.

ಕಾರಿಡಾರಿನ ಬೆಂಚಿನ ಮೇಲೆ ಹೆಸರಿನಕ್ಕ ಲ್ಯಾಪ್‌ಟಾಪ್ ತೆರೆಯುತ್ತಾರೆ. ಆ ಸಾಲು ಹುಡುಕಿ, 'ಬಹುಶಃ' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಅವರಿಗೆ ಬೇಕಾದದ್ದೇನು?

"ನನ್ನ ಹೆಸರು ಎಲ್ಲೂ ಬೇಡ. ನಾನಿಟ್ಟ ಹೆಸರುಗಳನ್ನ ಮುಂದೆ ಬರೋರು ಕಣ್ಣು ಮುಚ್ಚಿ ನಂಬದೆ, ಒಂದ್ಸಲ ಅನುಮಾನಪಟ್ಟು ಓದಿದ್ರೆ ಸಾಕು."

ಪಕ್ಕದಲ್ಲೇ ಇನ್ನೊಂದು ಸ್ಟ್ರೆಚರನ್ನು ಹೊತ್ತು ಲಿಫ್ಟ್ ಹೊರಡುತ್ತದೆ. ಅದರ ಸದ್ದು ಮೇಲಿನ ಮಹಡಿಗಳಲ್ಲಿ ಕರಗುವವರೆಗೂ ಕಿವಿಗೊಟ್ಟು, ನಸುನಗುತ್ತಾರೆ.

"ಇದೊಂದನ್ನ ಬಿಟ್ಟು. ಇದು ಖಾತ್ರಿ."