ಅವ್ವ ಕೈ ಎತ್ತಲಿ

ನನ್ನ ಕೀಬೋರ್ಡಿನಲ್ಲಿ ಈಗ ಒಂದು ಬಟನ್ ಇಲ್ಲ. ಅದಿದ್ದ ಜಾಗದಲ್ಲಿ ಕಡಲೆಕಾಳಿನಷ್ಟು ತೂತು. ಇವತ್ತು ಬೆಳಿಗ್ಗೆ ಧೂಳು ಒರೆಸಲು ಬಂದ ಹೆಂಡತಿ ಅದರೊಳಗೆ ಬೆರಳಿಟ್ಟು, "ಏನ್ರಿ ಇದು, ಇಲಿ ಕಡ್ದೈತೇನು?" ಎಂದಳು. ಇಲಿಯಲ್ಲ, ನಾನೇ ಸ್ಕ್ರೂಡ್ರೈವರ್ ಹಾಕಿ ಕಿತ್ತಿದ್ದು ಎಂದೆ. ಇವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ಒಮ್ಮೆ ನೋಡಿ ಒಳಗೆ ಹೋದಳು. ಹೋಗಲಿ ಬಿಡಿ, ನೀವಾದರೂ ಕೂತು ಕೇಳಿ.

ಅದು ರಿದಂ ಬಟನ್. ಒತ್ತಿದರೆ ಸಾಕು, ಒಳಗಿನಿಂದ ಡೋಲು ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳುತ್ತದೆ. ನುಡಿಸುವವನ ಕೈ ಎಡವಿದರೂ ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹಗಲು ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗುಮಾಸ್ತಿಕೆ, ಸಂಜೆ ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ಎಂದು ಇಪ್ಪತ್ತು ವರ್ಷ ದೂಡಿದವನು ನಾನು. ಅಷ್ಟೂ ವರ್ಷ ನನ್ನ ಮಾನ ಕಾಪಾಡಿದ್ದು ವಿದ್ಯೆಯಲ್ಲ, ಆ ಬಟನ್ನು. ಹೇಳಿಕೊಳ್ಳಲು ನಾಚಿಕೆ ಏನು, ನಿಜ ನಿಜವೇ.

ಹಾಲಮ್ಮ ಆಗ ನಮ್ಮ ಆರ್ಕೆಸ್ಟ್ರಾದ ಹೊಸ ಗಾಯಕಿ. ಊರಿನ ಮಂಡಕ್ಕಿ ಭಟ್ಟಿಯೊಂದರಲ್ಲಿ ಅವಳ ಅವ್ವ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರೆ, ಇವಳು ಪಕ್ಕದಲ್ಲಿ ನಿಂತು ಜರಡಿ ಆಡಿಸುತ್ತಿದ್ದಳು. ಒಂದು ದಿನ ನಮ್ಮ ಕಾಲೇಜಿನ ಹಾಸ್ಟೆಲ್ಲಿಗೆ ಮಂಡಕ್ಕಿ ಚೀಲ ಹಾಕಲು ಹೋದವಳು ಯಾವುದೋ ಕಿಟಕಿಯಿಂದ ಬಂದ ಹಾಡು ಕೇಳಿ, ಏದುಸಿರು ಬಿಡುತ್ತ ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು. "ಅಣ್ಣಾ, ರೆಗ್ಗೆ ಅಂತ ಒಂದು ಥರದ ಹಾಡೈತೆ, ಜಮೈಕಾ ದೇಶದ್ದಂತೆ. ಅದು ನಮ್ಮ ಭಟ್ಟೀನೇ ಐತಲ್ರೀ!"

ನನಗೆ ಅರ್ಥವಾಗಲಿಲ್ಲ. ಭಟ್ಟಿಗೇ ಕರೆದುಕೊಂಡು ಹೋಗಿ ತೋರಿಸಿದಳು. ಅವ್ವ ಸೌಟಿನಿಂದ ಮರಳು ತಿರುವಿದಾಗ ಒಂದು ಸದ್ದು. ಅವಳ ಕೈ ಮೇಲೆದ್ದ ಆ ಸಂದಿನಲ್ಲಿ ಮಗಳ ಜರಡಿಯ ಇನ್ನೊಂದು ಸದ್ದು. ರೆಗ್ಗೆಯೂ ಹಾಗೆಯೇ: ನಮ್ಮ ಕಾಲು ನೆಲ ತಟ್ಟುವಾಗ ಕೀಬೋರ್ಡು ಬಾಯಿ ಮುಚ್ಚಿಕೊಂಡಿರಬೇಕು, ಕಾಲು ಮೇಲೆದ್ದಾಗ ಚಕ್ ಎನ್ನಬೇಕು. ಹೇಳುವುದು ಸುಲಭ. ನನ್ನ ಕೈಯೋ, ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣಲು ಕೂತವನ ಕೈ. ಒಂದು ತಿಂಗಳು ಅವಳು ನನ್ನ ಪಕ್ಕ ನಿಂತು ಹೇಳಿದ್ದು ಒಂದೇ ಮಾತು: "ಅವಸರ ಬ್ಯಾಡಣ್ಣಾ. ಅವ್ವ ಕೈ ಎತ್ಲಿ."

ರೆಗ್ಗೆಯವರು ಜಟೆ ಬಿಡುತ್ತಾರಂತೆ, ನೀನು ಯಾವಾಗ ಬಿಡುತ್ತೀ ಎಂದು ನಮ್ಮ ಡ್ರಮ್ಮಿನವನು ಕಿಚಾಯಿಸಿದರೆ, "ಭಟ್ಟಿ ಮುಂದ ಜಟೆ ಬಿಟ್ರ ಹತ್ಕಂಡು ಉರಿತೈತೆ. ಬೇಕಾದ್ರ ನೀನು ಬಿಡು" ಎಂದಳು. ಹಾಡನ್ನೂ ತಾನೇ ಕಟ್ಟಿದ್ದಳು. "ಸುಟ್ಟೇವಂತ ಅಂದ್ಕಂಡ್ರಿ, ಅರಳೀನಿ ನೋಡ್ರಿ" ಎಂದು ಅದರ ಪಲ್ಲವಿ.

ಆ ಹಾಡನ್ನು ಮೊದಲು ಹಾಡಿದ್ದು ಆನಗೋಡಿನ ಒಂದು ಆರತಕ್ಷತೆಯಲ್ಲಿ. ಮುಂದಿನ ಸಾಲಿನಲ್ಲಿ ಭಜನೆ ಮೇಳದ ಹಿರಿಯರು ಕೂತಿದ್ದರು. ಅವರ ಮೇಳದಲ್ಲಿ ಒಂದು ರೂಢಿ: ಲಯ ತಪ್ಪಿದವನ ಕೈಯಿಂದ ಎಲ್ಲರೆದುರಿಗೇ ತಾಳ ಕಸಿದುಕೊಳ್ಳುತ್ತಾರೆ. ಎರಡು ಸಾಲು ಮುಗಿದಿರಲಿಲ್ಲ, ಒಬ್ಬ ಅಜ್ಜ ಎದ್ದು ನಿಂತು, "ಏಯ್, ತಾಳ ತಪ್ಪೈತೆ, ನಿಲ್ಸ್ರೋ!" ಎಂದು ಕೂಗಿದ. ನಾವು ನುಡಿಸುತ್ತಿದ್ದುದು ಕರಾರುವಾಕ್ಕಾಗಿತ್ತು. ಅದು ನನಗೆ ಗೊತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೂ ಹೆದರಿ ಆ ಬಟನ್ ಒತ್ತಿಬಿಟ್ಟೆ. ಧಡಬಡ ಡೋಲು ಶುರುವಾಗಿ ಹಾಡು ಚಿಂದಿಯಾಯಿತು. ಸಾಲದ್ದಕ್ಕೆ ಮೈಕು ಹಿಡಿದು, "ಕ್ಷಮಿಸ್ಬೇಕ್ರಿ, ಹೊಸ ಹುಡುಗಿ, ತಾಳದಾಗ ಸ್ವಲ್ಪ ವೀಕು" ಎಂದೆ.

ಹಾಲಮ್ಮ ಬಂದು ನನ್ನ ಕೀಬೋರ್ಡಿನ ವೈರು ಕಿತ್ತಳು. ಒಬ್ಬಳೇ ಚಪ್ಪಾಳೆ ಹಾಕಿಕೊಂಡು ಹಾಡು ಪೂರ್ತಿ ಮುಗಿಸಿದಳು. ಕೆಳಗಿಳಿದ ಮೇಲೆ ಹೇಳಿದಳು: "ನೀವು ತಪ್ಪು ನುಡಿಸಿದ್ರ ತಡ್ಕಂತಿದ್ದೆ ಅಣ್ಣಾ. ಸರಿ ಇದ್ದದ್ದಕ್ಕ ಕ್ಷಮೆ ಕೇಳಿದ್ರಲ್ಲ." ಮರುದಿನದಿಂದ ಆರ್ಕೆಸ್ಟ್ರಾಕ್ಕೆ ಬರಲಿಲ್ಲ.

ಆಮೇಲೆ ಅವಳದೇ ದಾರಿ. ಭಟ್ಟಿಯ ಹೆಂಗಸರನ್ನೇ ಕಟ್ಟಿಕೊಂಡು ಕಾಲೇಜುಗಳಲ್ಲಿ, ಬಯಲಲ್ಲಿ ಹಾಡಿದಳು. ಕರೆಯದ ಕಡೆಯೂ ಹೋಗಿ ಹಾಡಿದಳು. ಜನ ನಕ್ಕರು, ಆಮೇಲೆ ಮೊಬೈಲಿನಲ್ಲಿ ಹಿಡಿದರು, ಆಮೇಲೆ ಕರೆಯತೊಡಗಿದರು. ನಾನು ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಕದ್ದು ಅವಳ ವಿಡಿಯೋ ನೋಡುತ್ತಿದ್ದೆ. ಕಾಲು ಮೇಲೆದ್ದಾಗ ನನ್ನ ಬೆರಳು ಮೇಜಿನ ಮೇಲೆ ಚಕ್ ಎನ್ನುತ್ತಿತ್ತು. ಬಹಳ ಸಂಕಟವಾಗುತ್ತಿತ್ತು.

ಹೋದ ವಾರ ಅವಳದೇ ಫೋನು. "ಅಣ್ಣಾ, ಹರಿಹರದಾಗ ಪ್ರೋಗ್ರಾಂ ಐತೆ. ನಮ್ಮ ಕೀಬೋರ್ಡಿನವ ಕೈ ಮುರ್ಕಂಡಾನ. ಬರ್ತೀರೇನು? ಆದ್ರ ಆ ಬಟನ್ ಮುಟ್ಟಂಗಿಲ್ಲ." ಮುಟ್ಟುವುದಿಲ್ಲ ಎಂದೆ. ಆದರೆ ನನ್ನ ಕೈಯ ಬುದ್ಧಿ ನನಗೆ ಗೊತ್ತಲ್ಲ! ಅದಕ್ಕೇ ಸ್ಕ್ರೂಡ್ರೈವರ್ ಹುಡುಕಿದ್ದು.

ಮೊನ್ನೆ ಹೊಳೆದಂಡೆಯಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ವೇದಿಕೆಯ ಮೇಲೆ ಅವ್ವ ಬಾಣಲೆ, ಸೌಟು ಇಟ್ಟುಕೊಂಡು ಕೂತಿದ್ದಳು. ಹಾಡು ಶುರುವಾಗಿ ಎರಡು ಸಾಲಾಗುವಷ್ಟರಲ್ಲಿ ಸಂಘಟಕರು ಮೆಟ್ಟಿಲು ಹತ್ತಿ ಬಂದು, ನಿಲ್ಲಿಸಿ ಎಂದು ಕೈ ಮಾಡಿದರು. "ತಾಳ ತಪ್ತೈತೆ ಅಂತ ಜನ ಅಂತಾರ. ಆ ರಿದಂ ಹಾಕಿಬಿಡ್ರಿ."

"ಬಟನ್ ಇಲ್ರಿ" ಎಂದೆ. ಅವರು ಬಗ್ಗಿ ತೂತು ನೋಡಿದರು. ಅಷ್ಟರಲ್ಲಿ ನನ್ನ ಕೈ ಮೈಕಿಗೆ ಹೋಗಿತ್ತು. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು.

"ಆನಗೋಡಿನಾಗ ಈ ಹೆಣ್ಣುಮಗಳ ಪರವಾಗಿ ನಾನು ಕ್ಷಮೆ ಕೇಳಿದ್ದೆ. ಅದನ್ನ ಇವತ್ತು ವಾಪಸ್ ತಗಂತೀನಿ. ತಾಳ ಸರಿ ಐತ್ರಿ, ಆವತ್ತೂ ಸರಿ ಇತ್ತು. ಕೇಳೋರು ಕೂಡ್ರಿ, ಬ್ಯಾಡಾದೋರು ಹೋಗ್ರಿ."

ನಾಲ್ಕು ಜನ ಎದ್ದು ಹೋದರು. ಹೋಗಲಿ. ಹಾಲಮ್ಮ ಜನರ ಕಡೆ ತಿರುಗಿದಳು. ಅವ್ವ ಕೈ ಎತ್ತಿದಳು, ನಾನು ನುಡಿಸಿದೆ.

ಈಗ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ: "ಅಂಗಡಿಗೆ ಒಯ್ದು ಹೊಸ ಬಟನ್ ಹಾಕ್ಸ್ಕಂಬರ್ರಿ!"

"ಬ್ಯಾಡ" ಎಂದೆ, ಸ್ವಲ್ಪ ಜೋರಾಗಿಯೇ.