ಬಕೆಟ್ ಬೆಲ್ಲ, ಅಚ್ಚು ಬೆಲ್ಲ, ಚಿಕ್ಕವ್ವನ ರಿಪೋರ್ಟು

ನಮ್ಮ ಲ್ಯಾಬಿಗೆ ನಾಲ್ಕು ಶಾಖೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾಲ್ಕಕ್ಕೂ ಒಂದೇ ಮೇಲ್ ಪೆಟ್ಟಿಗೆ, ಒಂದೇ ಪಾಸ್‌ವರ್ಡು. ಮೈಸೂರಿನ ದೊಡ್ಡ ಲ್ಯಾಬಿನಿಂದ ರಿಪೋರ್ಟು ಬಂದರೆ ಅವರವರ ಊರಿನದನ್ನು ಪ್ರಿಂಟ್ ತೆಗೆದು, ಉಂಡೋರು ಎಲೆ ಎತ್ತೋ ಹಾಗೆ ತಕ್ಷಣ ಡಿಲೀಟ್ ಒತ್ತಬೇಕು. ಇನ್ನೊಂದು ಊರಿನೋರು ಅದನ್ನೇ ಮತ್ತೆ ಪ್ರಿಂಟ್ ಹಾಕಿ ಕಾಗದ ದಂಡ ಮಾಡಬಾರದು, ಅಷ್ಟೆ. ಇದು ಓನರ್ ಕಟ್ಟಳೆ.

ಆ ಪೆಟ್ಟಿಗೆ ಕಾಯೋ ಘನಕಾರ್ಯ ನನ್ನದು. ಪಾಂಡವಪುರದ ಶಾಖೆಯಲ್ಲಿ, ಫ್ರಿಜ್ಜಿಗೂ ಕಕ್ಕಸಿಗೂ ನಡುವೆ ನನ್ನ ಮೇಜು. ಪಕ್ಕದಲ್ಲೇ ಮೇಲುಗಳನ್ನು ಹಿಡಿದಿಡುವ ಕಂಪ್ಯೂಟರು, ಅಂದರೆ ಸರ್ವರು, ಮುದುಕನ ಹಾಗೆ ಗೊರಗೊರ ಅನ್ನುತ್ತಿತ್ತು. ಬಂದ ಮೇಲುಗಳನ್ನೆಲ್ಲ ಅದು ಒಂದೇ ಉದ್ದನೆಯ ಫೈಲಿನಲ್ಲಿ ಒಂದರ ಬಾಲಕ್ಕೊಂದು ಅಂಟಿಸಿ ಇಡುತ್ತಿತ್ತು. ಇದಕ್ಕೆ ಎಂಬಾಕ್ಸ್ ಅಂತ ಹೆಸರು. ನನ್ನ ಪಾಲಿಗೆ ಬಕೆಟ್ ಬೆಲ್ಲ: ನಡುವಿನಿಂದ ಒಂದು ಚೂರು ತೆಗೆಯಬೇಕೆಂದರೂ ಇಡೀ ಮುದ್ದೆಯನ್ನೇ ಕೆಡವಿ ಮತ್ತೆ ಕಟ್ಟಬೇಕು. ಇನ್ನೊಂದು ಬಗೆ ಮೇಲ್‌ಡಿರ್. ಅದರಲ್ಲಿ ಒಂದೊಂದು ಮೇಲಿಗೂ ಒಂದೊಂದು ಫೈಲು, ಅಚ್ಚು ಬೆಲ್ಲದ ಥರ. ಒಂದನ್ನು ಎತ್ತಿದರೆ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ.

ಅಚ್ಚಿಗೆ ಹೋಗೋಣ ಸಾರ್ ಅಂತ ಓನರ್ರಿಗೆ ಹೇಳಿದ್ದೆ. ಅವರ ಮಾತೆಲ್ಲ ಮೂಗಿನಿಂದ. "ಒಂದಿದ್ರೆ ಒಂದ್ ಕಡೆ ಇರುತ್ತೆ ಕಣಯ್ಯಾ. ಸಾವಿರ ಫೈಲ್ ಆದ್ರೆ ಕಾಯೋರ್ ಯಾರು, ನಿಮ್ ತಾತನಾ?" ಸಂಜೆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಎಳೆದುಕೊಂಡರೆ ಕೆಲಸ ಮುಗಿಯಿತಲ್ಲ, ಅದು ಅವರ ಲೆಕ್ಕಾಚಾರ. ನಾನು ಹೊರಗೆ ಬಂದು ಆ ಮಾತನ್ನು ಅದೇ ಮೂಗಿನಲ್ಲಿ ನರ್ಸುಗಳಿಗೆ ಆಡಿ ತೋರಿಸಿ, ನಗಿಸಿ, ಸುಮ್ಮನಾದೆ.

ಒಂದು ಭಾನುವಾರ ಬೆಳಗ್ಗೆ ಬಕೆಟ್ಟು ಒಡೆಯಿತು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬರುವವರು ಭಾನುವಾರವೇ ಹೆಚ್ಚು. ಮೂರು ಕಡೆ ಒಟ್ಟೊಟ್ಟಿಗೇ ಡಿಲೀಟ್ ಒತ್ತಿದ್ದಾರೆ, ಒಬ್ಬರು ಕಟ್ಟುತ್ತಿದ್ದ ಮುದ್ದೆಗೆ ಇನ್ನಿಬ್ಬರು ಕೈ ಹಾಕಿದ್ದಾರೆ. ನೋಡಿದರೆ ಯಾರದೋ ಸಕ್ಕರೆ ರಿಪೋರ್ಟಿನ ತಲೆಗೆ ಇನ್ಯಾರದೋ ಮೂತ್ರದ ರಿಪೋರ್ಟಿನ ಮುಂಡ. ಪೆಟ್ಟಿಗೆ ಯಾರಿಗೂ ತೆರೆಯುತ್ತಿಲ್ಲ.

ಪೆನ್‌ಡ್ರೈವಿನಲ್ಲಿ ಹಿಂದಿನ ಸಂಜೆಯ ಪ್ರತಿ ಇತ್ತು. ಅದನ್ನು ಹಾಕಿಬಿಟ್ಟರೆ ಟೀ ಕುಡಿಯುವಷ್ಟರಲ್ಲಿ ಎಲ್ಲ ಸರಿ. ಹಾಕಲು ಹೊರಟಿದ್ದೆ ಕೂಡ. ಅಷ್ಟರಲ್ಲಿ ಬಾಗಿಲಲ್ಲಿ ಸಿಂಧಘಟ್ಟದ ಚಿಕ್ಕಪ್ಪ.

"ಕೆ.ಆರ್. ಪ್ಯಾಟೇಲಿ ತೆರೀತಿಲ್ಲ ಅಂದ್ರು ಕಣ್ಲಾ. ನಿನ್ನತ್ರಕ್ಕೇ ಬಂದ್ಬುಟ್ಟೊ. ನಿಮ್ ಚಿಕ್ಕವ್ವುನ್ ರಿಪೋಲ್ಟು ಕೊಡು."

ಚಿಕ್ಕವ್ವ ಹೊರಗೆ ಬೆಂಚಿನ ಮೇಲೆ ಬಟ್ಟೆಯ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಕುತ್ತಿಗೆಯ ಗಂಟನ್ನು ಸೆರಗಿನಿಂದ ಮುಚ್ಚಿದ್ದಳು. ಸಂಜೆಯೊಳಗೆ ನಾಗಮಂಗಲದ ಆಚೆಯ ಆಸ್ಪತ್ರೆಗೆ ಆ ಗಂಟಿನ ರಿಪೋರ್ಟು ಕೊಟ್ಟು ಸೇರಿಕೊಂಡರೆ ಬೆಳಗ್ಗೆ ಆಪರೇಷನ್ನು, ಇಲ್ಲದಿದ್ದರೆ ಮುಂದಕ್ಕೆ.

"ಮುಂದಕ್ಕೆ ಹೋದ್ರೆ ಹೋಗ್ಲಿ ಬುಡು ಚಿಕ್ಕಪ್ಪ" ಅಂದೆ, ಸುಮ್ಮನೆ.

ಚಿಕ್ಕಪ್ಪ ದನಿ ಇಳಿಸಿದ. "ಲೇ, ಮೂರು ತಿಂಗಳು ಕಾಲು ಹಿಡ್ದು ಒಪ್ಸಿವ್ನಿ. ಇವತ್ತೇನಾರ ವಾಪಸ್ ಮನೆಗೋದ್ಲೋ, ಇನ್ನೊಂದ್ಸಲ ಬಸ್ ಹತ್ತಕ್ಕಿಲ್ಲ ಅವ್ಳು. ಅಷ್ಟೇಯ."

ಸರ್ವರಿನ ದಿನಚರಿಯಲ್ಲಿ ನೋಡಿದೆ. ಮೈಸೂರಿನಿಂದ ಅವಳ ಮೇಲು ಬಂದದ್ದು ರಾತ್ರಿ. ಅಂದರೆ ಸಂಜೆಯ ಪ್ರತಿಯಲ್ಲಿ ಅದಿಲ್ಲ. ಹಳೆಯದನ್ನು ಹಾಕಿದರೆ ಅದು ಈಗಿನದರ ಮೇಲೇ ಕೂತು, ಚಿಕ್ಕವ್ವನ ರಿಪೋರ್ಟಿಗೆ ಎಳ್ಳುನೀರು. ಮೈಸೂರಿನ ಲ್ಯಾಬಿಗೆ ಫೋನು ಮಾಡಿದರೆ ಭಾನುವಾರದ ಗಂಟೆ ಹೊಡೆದುಕೊಳ್ಳುತ್ತದೆಯೇ ಹೊರತು ಎತ್ತುವವರಿಲ್ಲ. ಉಳಿದ ದಾರಿ ಒಂದೇ: ಒಡೆದ ಮುದ್ದೆಯನ್ನು ಚೂರುಚೂರು ಬಿಡಿಸಿ ಅಚ್ಚಿಗೆ ಹಾಕುವುದು. ಅದಕ್ಕೆ ಉಳಿದ ಮೂರೂ ಊರಿನವರು ಪೆಟ್ಟಿಗೆಯಿಂದ ಕೈ ತೆಗೆಯಬೇಕು, ಮಧ್ಯಾಹ್ನದವರೆಗೆ ಬೇಕು, ಆದರೂ ಅವಳದ್ದು ಇಡಿಯಾಗಿ ಸಿಕ್ಕೀತೆಂಬ ಭರವಸೆಯಿಲ್ಲ.

ಕೈ ತೆಗೀರಿ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ? ಶ್ರೀರಂಗಪಟ್ಟಣದ ಶಾಖೆಯ ಭಾಯ್ "ಇಲ್ಲಿ ಜನ ನನ್ನ ತಿಂತಾವ್ರೆ, ನೀನು ಆಟ ಆಡ್ತೀಯಾ?" ಅಂತ ಫೋನು ಇಟ್ಟರು. ಓನರ್ರು ಯಾವುದೋ ಮದುವೆಯಲ್ಲಿ, ಅವರ ಫೋನು ಆಫ್. ನಾನೇ ಮೂಗು ಹಿಡಿದು, ಚಿಕ್ಕಪ್ಪನ ಫೋನಿನಿಂದ ಓನರ್ರ ದನಿಯಲ್ಲಿ ಮತ್ತೆ ಫೋನು ಮಾಡಿದೆ. "ನೋಡ್ರೀ, ನಾನ್ ಹೇಳ್ತಾ ಇದೀನಿ, ಸಿಸ್ಟಂ ಆಫ್ ಮಾಡಿ." ಭಾಯ್ "ಜೀ ಸಾಬ್" ಅಂದರು. ನಾಗಮಂಗಲ ಉಸಿರೆತ್ತದೆ ಆಫ್ ಆಯಿತು. ಕೆ.ಆರ್. ಪೇಟೆಯ ಅಕ್ಕ ಮಾತ್ರ "ಲೇ ತಮ್ಮ, ಓನರ್ರು ಯಾವತ್ತಾದ್ರೂ ನನಗೆ ರೀ ಅಂದವ್ರಾ? ಏನ್ಲಾ ಆಯ್ತು?" ಅಂದಳು. ಮೂಗು ಬಿಟ್ಟು ಹೇಳಿದೆ. "ಸಿಂಧಘಟ್ಟದ ಅವ್ವ ನಿನ್ ಚಿಕ್ಕವ್ವನಾ? ಮೊದ್ಲೇ ಬೊಗಳಕ್ಕಾಗಲ್ವ?" ಅಂದು ಆಫ್ ಮಾಡಿದಳು.

ಬಿಡಿಸುವ ಸಾಫ್ಟ್‌ವೇರು ಮುಕ್ಕಾಲು ಪಾಲು ಚೆನ್ನಾಗಿಯೇ ಕತ್ತರಿಸಿತು. ಹರಿದ ಜಾಗ ಬಂತು, ನಿಂತಿತು. ಅಲ್ಲಿಂದ ಮುಂದಿನದನ್ನೆಲ್ಲ ಒಂದೇ ಮೇಲು ಅಂದುಕೊಂಡು ಕೂತಿತು. ಚಿಕ್ಕವ್ವ ಆ ಮುಂದಿನದರಲ್ಲಿದ್ದಳು. ಸಾಲು ಸಾಲು ಕಣ್ಣಲ್ಲೇ ಹುಡುಕಿ, ಒಂದೊಂದು ಮೇಲಿನ ನೆತ್ತಿ, ಅಂದರೆ ಯಾರಿಂದ ಯಾರಿಗೆ ಅನ್ನೋ ಸಾಲು, ಎಲ್ಲಿ ಶುರು ಅಂತ ನೋಡಿ ಕೈಯಲ್ಲೇ ಕತ್ತರಿಸುತ್ತಾ ಹೋದೆ. ಚಿಕ್ಕಪ್ಪ ಹಿಂದೆ ನಿಂತು "ಸಿಕ್ತಾ?" ಅನ್ನುತ್ತಿದ್ದ. ದೇವರ ಮೇಲೆ ಭಾರ ಹಾಕೋಣವೆಂದರೆ ಯಾವ ದೇವರಿಗೆ ಇದು ಅರ್ಥವಾಗುತ್ತದೆ?

ಸಿಕ್ಕಿತು. ಅವಳ ಹೆಸರು, ವಯಸ್ಸು, ಗಂಡನ ಹೆಸರು ಎರಡೆರಡು ಸಲ ನೋಡಿದೆ. ಲಗತ್ತು ತೆರೆಯಿತು. ಕೊನೆಯ ಸಾಲಿನಲ್ಲಿ ಕ್ಯಾನ್ಸರ್ ಅಂತಲೇ ಇತ್ತು. ಚಿಕ್ಕಪ್ಪನಿಗೆ ಇಂಗ್ಲಿಷು ಬರುವುದಿಲ್ಲ, ನನ್ನ ಮುಖ ಓದಲು ಬರುತ್ತದೆ. ಪ್ರಿಂಟ್ ತೆಗೆದು ಕೊಟ್ಟ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಹೊರಗೆ ಚಿಕ್ಕವ್ವ ಕೇಳಿದಳು, "ಬಂತಾ?"

"ಬಂತು ಕಣವ್ವ" ಅಂದೆ.

"ಬರ್ದೆ ಇದ್ದಿದ್ರೆ ಮನೆಗೋಗ್ಬೋದಿತ್ತು" ಅಂದಳು. ಏಳಲಿಲ್ಲ. ಚಿಕ್ಕಪ್ಪ ಕೈ ಹಿಡಿದರೆ ಕೊಡವಿದಳು. ನಾಗಮಂಗಲದ ಬಸ್ಸು ಸ್ಟ್ಯಾಂಡಿನಲ್ಲಿ ಹಾರನ್ ಹೊಡೆಯುತ್ತಿತ್ತು. ಅವಳು ನನ್ನ ಕಡೆ ನೋಡಿ, "ನೀನು ಬತ್ತೀಯೇನ್ಲಾ? ನೀನ್ ಬಂದ್ರೆ ಹತ್ತೀನಿ."

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಮೂರು ಊರು ಆಫ್, ಅರ್ಧ ಬಿಡಿಸಿದ ಪೆಟ್ಟಿಗೆ, ಮದುವೆ ಮುಗಿಸಿದ ಓನರ್ರು. ನಾನು ಚಿಕ್ಕವ್ವನ ಬ್ಯಾಗು ಎತ್ತಿಕೊಂಡೆ.