ಕಿತ್ತಳೆ ಬಣ್ಣದ ಕಣ್ಣೀರು

ಹಿರಿಯ ನರ್ಸ್ ದೊಡ್ಡ ಸಿಸ್ಟರ್ ತೀರಿಕೊಂಡರೆಂಬ ಸುದ್ದಿ ಚರ್ಮರೋಗದ ವಾರ್ಡಿಗೆ ಬಂದದ್ದು ಬೆಳಕು ಹರಿಯುವ ಹೊತ್ತಿಗೆ. ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸಿಂಗ್ ಅಕ್ಕ ಮುಖ ತೊಳೆದುಕೊಂಡು ಬಂದು, ಟೈಲರ್ ಹುಡುಗಿಯ ಕಂಕುಳಿಗೆ ಅಂಟಿದ ಪಟ್ಟಿ ಸಡಿಲಾಗಲೆಂದು ಅದರ ಮೇಲೆ ಎಂದಿನಂತೆ ಉಗುರುಬೆಚ್ಚಗಿನ ಉಪ್ಪುನೀರು ಹನಿಸತೊಡಗಿದಳು. ಒಂದು ಕಾಲಕ್ಕೆ ವಾರ್ಡು ಗುಡಿಸಲು ಬಂದಿದ್ದ ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಕೆಲಸ ಕಲಿಸಿದವರೇ ದೊಡ್ಡ ಸಿಸ್ಟರ್.

ಹುಡುಗಿಯದು ಹಟಮಾರಿ ಕಾಯಿಲೆ. ಕಂಕುಳಲ್ಲಿ ಗಂಟು ಏಳುತ್ತದೆ, ಕೀವು ತುಂಬಿ ಒಡೆಯುತ್ತದೆ, ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ. ಅಂಟುರೋಗವಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಆದರೂ ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟಿದ್ದಳು. ತೋಳು ಎತ್ತಲಾಗದೆ ಹೊಲಿಗೆಯಂಗಡಿಗೆ ಬೀಗ ಬಿದ್ದಿತ್ತು. ಡಾಕ್ಟರು ಎರಡು ಆಂಟಿಬಯಾಟಿಕ್‌ಗಳನ್ನು ಜೋಡಿಯಾಗಿ ಕೊಟ್ಟಿದ್ದರು. ತಿಂಗಳುಗಟ್ಟಲೆ, ನಡುವೆ ಬಿಡದೆ ನುಂಗಬೇಕು.

ಅಕ್ಕ ಅಳುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಹುಡುಗಿಗೂ ಅಳು ಬಂತು. ಬಿಳಿ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಬಟ್ಟೆ ಕಿತ್ತಳೆ ಬಣ್ಣವಾಯಿತು.

"ಅಕ್ಕಾ, ರಕ್ತ! ಮೂತ್ರ ಕೆಂಪಾದಾಗ ಸಹಿಸ್ಕೊಂಡೆ. ಈಗ ಕಣ್ಣೂ ಹೋಗುತ್ತೆ. ಇನ್ನು ಆ ಮಾತ್ರೆ ಮುಟ್ಟಲ್ಲ!"

"ಕಣ್ಣೆಲ್ಲಿಗೆ ಹೋಗುತ್ತೆ ಹುಚ್ಚಿ? ಮಾತ್ರೆ ಬಣ್ಣ ಅದು."

ಡಾಕ್ಟರೂ ಬಂದು ನೋಡಿ ಹೌದೆಂದರು. ಆದರೂ ಹುಡುಗಿ ಬಿಗಿದ ತುಟಿ ಸಡಿಲಿಸಲಿಲ್ಲ. ಆಗ ಅಕ್ಕ ತನ್ನ ಒದ್ದೆ ಸೆರಗನ್ನು ಆ ಬಟ್ಟೆಯ ಪಕ್ಕಕ್ಕೆ ಹಿಡಿದಳು. "ನೋಡು, ನಾನು ಬಡವಿ, ಬರೀ ನೀರಲ್ಲಿ ಅಳ್ತೀನಿ. ನೀನು ರಾಣಿ, ಬಣ್ಣದಲ್ಲಿ ಅಳ್ತೀಯ!"

ಸಾವಿನ ಸುದ್ದಿ ಬಂದ ಬೆಳಗ್ಗೆ ಇಡೀ ವಾರ್ಡು ಬಿದ್ದು ಬಿದ್ದು ನಕ್ಕಿತು. ಹುಡುಗಿಯೂ ನಕ್ಕಳು, ಮಾತ್ರೆ ನುಂಗಿದಳು.

ಅಕ್ಕನ ದಿನ ಈಗಲೂ ಕೋಳಿ ಕೂಗುವ ಮುನ್ನವೇ ಶುರು. ಡ್ರೆಸಿಂಗ್ ತಟ್ಟೆ ಕುದಿಸುತ್ತಾಳೆ, ಪಟ್ಟಿಗೆ ಬಟ್ಟೆ ಕತ್ತರಿಸುತ್ತಾಳೆ, ಬೇರೆಯವರು ಮೂಗು ಮುಚ್ಚಿಕೊಳ್ಳುವ ಕಡೆ ಮುಖವಿಟ್ಟು ಮಾತಾಡುತ್ತಾಳೆ. ಬಸ್ ಓಡಿಸುವ ಗಂಡನದು ಒಂದೇ ದೂರು: "ಊರಿಗೆಲ್ಲ ಮುಲಾಮು ಹಚ್ತೀಯ, ನನ್ನ ಬೆನ್ನಿಗೆ ಯಾರು ಗತಿ?"

"ಚೀಟಿ ಮಾಡಿಸ್ಕೊಂಡು ಸಾಲಲ್ಲಿ ಬನ್ನಿ," ಅನ್ನುತ್ತಾಳೆ.

ಮೊನ್ನೆ ವಾರ್ಡಿನವರು ದೊಡ್ಡ ಸಿಸ್ಟರ್ ಫೋಟೋಗೆ ಕಟ್ಟು ಹಾಕಿಸಿ ತಂದರು. ಗೋಡೆಯ ಮೊಳೆ ಅಕ್ಕನಿಗೆ ಎಟುಕಲಿಲ್ಲ. ಮಾತ್ರೆಯೆಲ್ಲ ಮುಗಿಸಿ ತೋರಿಸಿಕೊಳ್ಳಲು ಬಂದಿದ್ದ ಟೈಲರ್ ಹುಡುಗಿ, "ಇಲ್ಲಿ ಕೊಡಿ," ಎಂದು ತುದಿಗಾಲಲ್ಲಿ ನಿಂತಳು. ತೋಳು ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಫೋಟೋ ಮೊಳೆಗೆ ಕೂತಿತು.

"ತೋಳು ಇಳಿಸ್ಬೇಡ ಕಣೇ," ಎಂದಳು ಅಕ್ಕ. "ಒಂದು ಗಳಿಗೆ ಹಾಗೇ ಇರು. ಕಣ್ತುಂಬ ನೋಡ್ಕೊತೀನಿ."

ಆಮೇಲೆ ಫೋಟೋದತ್ತ ಕೈಮುಗಿದಳು.

"ದೇವರೇ, ಜೀವಮಾನವೆಲ್ಲ ನಿಂತ್ಕೊಂಡೇ ದುಡಿದೋರು. ನಿನ್ನ ಹತ್ರ ಕೂರೋಕೆ ಒಂದು ಜಾಗ ಕೊಡಪ್ಪ. ಅವರ ಜೀವ ತಣ್ಣಗಿರಲಿ."